ಹೋಗದೆ ಬಿಟ್ಟ ಹನ್ನೊಂದು ಕಿಲೋಮೀಟರು

ಮೆಕಾಂಗ್ ನದಿಯು ಹಲವು ಕವಲಾಗಿ ಒಡೆದು ಸಮುದ್ರ ಸೇರುವ ನಮ್ಮ ತಗ್ಗುನಾಡಿನ ನೀರು, ಮಣ್ಣು ಮತ್ತು ಜನಜೀವನಗಳ ಸಂಬಂಧವನ್ನು ಕುರಿತು ಕಳೆದ ನಾಲ್ಕು ದಶಕಗಳಲ್ಲಿ ನಡೆದಿರುವ ಅಧ್ಯಯನಗಳನ್ನು ನೆನೆಯುವಾಗ, ಡಾ. ಲಾಮ್ ಥಿ ಲಿಯು ಅವರ ಹೆಸರನ್ನು ದಾಟಿ ಮುಂದೆ ಹೋಗುವುದು ಯಾರಿಗೂ ಸಾಧ್ಯವಿಲ್ಲ. ಉಪ್ಪುನೀರು ಯಾವ ತಿಂಗಳಲ್ಲಿ ಯಾವ ಕಾಲುವೆಯ ಯಾವ ತಿರುವಿನವರೆಗೆ ಏರುತ್ತದೆ ಎಂಬುದನ್ನು ದೋಣಿಯಲ್ಲಿ ಕುಳಿತು ಅಳೆದವರು ಅವರು. ಹಾಗೆ ಏರುವ ನೀರು ಒಂದು ಊರಿನ ಊಟವನ್ನು, ಮದುವೆಯ ತಿಂಗಳನ್ನು, ಮಕ್ಕಳ ಶಾಲೆಯ ರಜೆಯನ್ನು ಕೂಡ ನಿರ್ಧರಿಸುತ್ತದೆ ಎಂದು ವಿದ್ವಾಂಸರ ಸಭೆಗಳಲ್ಲಿ ಹಟಹಿಡಿದು ಹೇಳಿದವರೂ ಅವರೇ. ಇಂದು ಅರವತ್ತೆರಡು ತುಂಬಿ ಅವರು ಅಧ್ಯಾಪನದಿಂದ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ, ಅವರ ವಿದ್ಯಾರ್ಥಿನಿಯೂ ಸಹೋದ್ಯೋಗಿಯೂ ಆದ ನನಗೆ ಈ ಸಂಪುಟದಲ್ಲಿ ಕೆಲವು ಪುಟಗಳು ದೊರೆತಿರುವುದು ನನ್ನ ಭಾಗ್ಯ.

ಸಂಪಾದಕರು ಪತ್ರ ಬರೆದ ಮರುದಿನವೇ ಮೇಡಂ ಅವರಿಂದ ಫೋನು ಬಂತು. ಮನೆಯ ಕೊನೆಯವಳು ಎಂಬ ಅರ್ಥದಲ್ಲಿ ಊರವರೆಲ್ಲ ನನ್ನನ್ನು ಊತ್ ಎಂದೇ ಕರೆಯುತ್ತಾರೆ; ಅವರೂ ಹಾಗೆಯೇ.

"ಊತ್, ನಿನಗೂ ಬರೆಯೋಕೆ ಹೇಳಿದಾರಂತೆ?"

"ಹೌದು ಮೇಡಂ."

"ಹೊಗಳೋಕೆ ಬೇರೆ ಇಪ್ಪತ್ತು ಜನ ಇದಾರೆ. ನೀನು ಕಾಯ್ ಮಾಮ್ ವಿಷಯ ಬರಿ. ಪೂರ್ತಿ ಬರಿ. ನಿಮ್ಮಪ್ಪನ್ನೂ ಬಿಡಬೇಡ."

ಕಾಯ್ ಮಾಮ್ ನನ್ನ ಹುಟ್ಟೂರು. ಅಲ್ಲಿ ನಡೆದದ್ದನ್ನು ಅಭಿನಂದನ ಗ್ರಂಥದಲ್ಲಿ ಬರೆಯುವುದು ಉಚಿತವೇ ಎಂದು ಸಂಪಾದಕರು ಅಳುಕಿದರು. ಆದರೆ ಗೌರವಕ್ಕೆ ಪಾತ್ರರಾದವರೇ ಅಪ್ಪಣೆ ಕೊಟ್ಟ ಮೇಲೆ ನಾನು ಮೀರುವಂತಿಲ್ಲ.

ಲಿಯು ಅವರು ಹುಟ್ಟಿದ್ದು ನದಿಯ ಮೇಲ್ಭಾಗದಲ್ಲಿ, ಲಾಂಗ್ ಸುಯೆನ್ ಕಡೆಯ ಒಂದು ಹಳ್ಳಿಯಲ್ಲಿ. ತಂದೆ ದೋಣಿಯಲ್ಲಿ ಮಣ್ಣಿನ ಗಡಿಗೆಗಳನ್ನು ಮಾರುತ್ತಿದ್ದರು. ಪ್ರತಿ ವರ್ಷ ಮೂರು ತಿಂಗಳು ನೆರೆ ಮನೆಯೊಳಗೇ ಬಂದು ನಿಲ್ಲುತ್ತಿತ್ತು; ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಮಂಚದ ಮೇಲಿಂದಲೇ ಗಾಳ ಹಾಕಿ ಮೀನು ಹಿಡಿದ ಬಾಲ್ಯ ಅವರದು. ಅಲ್ಲಿಯವರಿಗೆ ನೀರು ಎಂದರೆ ಸಿಹಿನೀರು, ನೆರೆ ಎಂದರೆ ಗದ್ದೆಗೆ ಬರುವ ಹೊಸ ಮಣ್ಣು. ಉಪ್ಪುನೀರನ್ನು ಅವರು ಮೊದಲು ನೋಡಿದ್ದು ಇಪ್ಪತ್ತನೆಯ ವಯಸ್ಸಿನಲ್ಲಿ, ಕಾನ್ ಥೋ ನಗರದಲ್ಲಿ ಭೂಗೋಳ ಓದುವಾಗ ಕೈಗೊಂಡ ಪ್ರವಾಸದಲ್ಲಿ. "ಸಿಹಿನೀರಿನ ಹುಡುಗಿ ಉಪ್ಪುನೀರನ್ನ ಕಾಯಿಲೆ ಅಂತಲೇ ತಿಳಿದಿದ್ದೆ," ಎಂದು ಮುಂದೆ ತರಗತಿಗಳಲ್ಲಿ ಅವರು ಹೇಳುವುದಿತ್ತು.

೧೯೮೫ರಲ್ಲಿ ಅವರು ದಕ್ಷಿಣದ ಒಂದು ಪ್ರಾಂತ್ಯದ ನೀರಾವರಿ ಕಚೇರಿಗೆ ಸೇರಿದರು. ಆ ಕಾಲದಲ್ಲಿ ಕಚೇರಿಗೆ ಇದ್ದದ್ದು ಒಂದು ಹಳೆಯ ಮೋಟಾರು ದೋಣಿ, ಎರಡು ಉಪ್ಪುಮಾಪಕಗಳು. ಎಂಟು ವರ್ಷ ಅವರು ಆ ದೋಣಿಯಲ್ಲೇ ಬದುಕಿದರೆಂದರೂ ತಪ್ಪಾಗದು. ನಮ್ಮ ಊರುಗಳು ದಾರದಂತೆ ಕಾಲುವೆಯುದ್ದಕ್ಕೂ ಹರಡಿಕೊಂಡಿರುವುದರಿಂದ ಅವುಗಳಿಗೆ ನಡುವೆಂಬುದೇ ಇಲ್ಲ, ಇಲ್ಲಿ ನೆರೆಮನೆ ಎಂದರೆ ಹಿಂದಿನ ಮನೆಯಲ್ಲ, ನೀರಿನಾಚೆಯ ಮನೆ, ಆದ್ದರಿಂದಲೇ ನಮ್ಮ ಜನ ಕೂಗಿ ಮಾತಾಡುತ್ತಾರೆ, ಬೇಗ ಜಗಳವಾಡುತ್ತಾರೆ, ಬೇಗ ದೋಣಿ ಕೊಟ್ಟು ಸಹಾಯವನ್ನೂ ಮಾಡುತ್ತಾರೆ ಎಂದು ಅವರು ಬರೆದ ಮೊದಲ ಪ್ರಬಂಧವು ಆ ದಿನಗಳ ಫಲ. ನೆಲದ ಆಕಾರದಿಂದ ಜನರ ದನಿಯ ಎತ್ತರವನ್ನು ವಿವರಿಸಿದ ಆ ಪ್ರಬಂಧವನ್ನು ಹಿರಿಯರು ನಕ್ಕು ಬದಿಗಿಟ್ಟರು. ನಾವು ಇಂದಿಗೂ ಪಾಠ ಮಾಡುತ್ತೇವೆ.

ಇನ್ನು ೧೯೯೩ರ ನಕ್ಷೆ. ಪಡಿತರದ ಸಾಲುಗಳಲ್ಲಿ ನಿಂತ ವರ್ಷಗಳನ್ನು ದಾಟಿ ದೇಶ ಆಗಷ್ಟೇ ಹೊರನಾಡುಗಳಿಗೆ ಅಕ್ಕಿ ಕಳಿಸತೊಡಗಿತ್ತು. ಇನ್ನಷ್ಟು ಭತ್ತ ಬೇಕು, ಅದಕ್ಕೆ ಸಿಹಿನೀರು ಬೇಕು, ಸಿಹಿನೀರು ಬೇಕೆಂದರೆ ಸಮುದ್ರವನ್ನು ಕಾಲುವೆಯ ಬಾಯಿಯಲ್ಲೇ ಗೇಟು ಹಾಕಿ ತಡೆಯಬೇಕು ಎಂಬುದು ಆಗಿನ ನಂಬಿಕೆ. ಗೇಟು ಎಲ್ಲಿ ನಿಲ್ಲಬೇಕೆಂದು ತೋರಿಸುವ ನಕ್ಷೆಯ ಹೊಣೆ ಲಿಯು ಅವರದಾಯಿತು. ನೀರನ್ನು ಅವರು ನಿಖರವಾಗಿ ಅಳೆದಿದ್ದರು. ಮಣ್ಣನ್ನೂ ಪರೀಕ್ಷಿಸುತ್ತ ರಾಕ್ ಕೂಯ್ ಎಂಬ ಕಾಲುವೆಯುದ್ದಕ್ಕೂ ಪಶ್ಚಿಮಕ್ಕೆ ಬಂದರು. ಕೊನೆಯ ಹನ್ನೊಂದು ಕಿಲೋಮೀಟರು ಉಳಿದಾಗ ದೋಣಿಯ ಎಂಜಿನು ಕೆಟ್ಟಿತು, ಕಚೇರಿಯಿಂದ ಗಡುವಿನ ತಂತಿ ಬಂತು. ಹಳೆಯ ನಕ್ಷೆಯೊಂದನ್ನು ನೋಡಿ, ಪೂರ್ವದ ಮಣ್ಣೇ ಪಶ್ಚಿಮದಲ್ಲೂ ಇರಬೇಕೆಂದು ಊಹಿಸಿ, ಆ ಹನ್ನೊಂದು ಕಿಲೋಮೀಟರಿಗೂ ಅದೇ ಬಣ್ಣ ತುಂಬಿ ಕೊಟ್ಟರು.

ನಮ್ಮ ಕಾಯ್ ಮಾಮ್ ಇದ್ದದ್ದು ಆ ಹನ್ನೊಂದು ಕಿಲೋಮೀಟರಿನೊಳಗೆ.

ನಮ್ಮದು ಗಜನಿ, ಅಂದರೆ ಉಬ್ಬರದ ಉಪ್ಪುನೀರು ಹತ್ತಿಳಿಯುವ ಭೂಮಿ. ಬೇಸಿಗೆಯ ಆರು ತಿಂಗಳು ಸಮುದ್ರದ ನೀರು ಗದ್ದೆಗೆ ಬರುತ್ತಿತ್ತು, ಸಿಗಡಿ ಬೆಳೆಯುತ್ತಿತ್ತು. ಮಳೆಯ ಆರು ತಿಂಗಳು ಉಪ್ಪು ತೊಳೆದುಹೋಗಿ ಅದೇ ಗದ್ದೆಯಲ್ಲಿ ಭತ್ತ. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೊಳೆತ ಬೇರಿನ ಮೇಲೆ ಕುಳಿತ ಆ ಮಣ್ಣು ಸದಾ ನೀರಿನಡಿಯಲ್ಲಿದ್ದರೆ ಸಾಧು, ಒಣಗಿದರೆ ಗಾಳಿ ತಗುಲಿ ಆಮ್ಲ ಹುಟ್ಟಿ ಹುಳಿಯಾಗುತ್ತದೆ. ೧೯೯೬ರಲ್ಲಿ ಗೇಟು ಮುಚ್ಚಿತು, ಅದರ ಬದಿಯಲ್ಲಿ ಮಣ್ಣಿನ ಒಡ್ಡು ಎದ್ದಿತು. ಮೊದಲ ಬೇಸಿಗೆಯಲ್ಲೇ ನಮ್ಮ ಗದ್ದೆ ಬಿರುಕುಬಿಟ್ಟು, ಮಳೆ ಬಿದ್ದಾಗ ಕೆಂಪು ತುಕ್ಕಿನ ಬಣ್ಣದ ನೀರು ಹೊರಟಿತು. ಆ ನೀರಿನಲ್ಲಿ ಬಟ್ಟೆ ಒಗೆದರೆ ಹಳದಿಯಾಗುತ್ತಿತ್ತು, ಕಾಲಿಟ್ಟರೆ ಬೆರಳಸಂದಿ ಸೀಳುತ್ತಿತ್ತು. ಸಿಗಡಿ ಹೋಯಿತು, ಭತ್ತವೂ ಏಳಲಿಲ್ಲ. ಆದರೆ ಅದೇ ಗೇಟಿನ ಸಿಹಿನೀರಿನಿಂದ, ಪೂರ್ವಕ್ಕೆ ಎರಡು ಗಂಟೆ ದೋಣಿಯ ದಾರಿಯಲ್ಲಿರುವ ಲುಂಗ್ ಕೋ ಎಂಬ ಊರು ವರ್ಷಕ್ಕೆರಡು ಬೆಳೆ ತೆಗೆಯಿತು. ಹಿಂದೆ ನಮ್ಮೂರಿಗೆ ಹೆಣ್ಣು ಕೊಡುತ್ತಿದ್ದ ಲುಂಗ್ ಕೋ ಜನ, "ಹುಳಿನೀರಿನ ಮನೆಗೆ ಮಗಳನ್ನ ಹೇಗೆ ಕಳಿಸೋದು?" ಎನ್ನತೊಡಗಿದರು.

೧೯೯೯ರ ಫೆಬ್ರವರಿಯಲ್ಲಿ ಲಿಯು ಅವರು ಮೊದಲ ಸಲ ನಮ್ಮೂರಿಗೆ ಬಂದರು. ಆಗ ನಾನು ಹನ್ನೆರಡನೆಯ ತರಗತಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದೆ. ನನ್ನ ತಂದೆ, ಊರಿನ ರೂಢಿಯಂತೆ ಹುಟ್ಟಿದ ಸಾಲಿನ ಲೆಕ್ಕದಲ್ಲಿ ಎಲ್ಲರಿಗೂ 'ನಾಲ್ಕನೇ ಸಾನ್', ಮನೆ ಮುಂದಿನ ದೋಣಿಗಟ್ಟೆಯಲ್ಲಿ ಕುಳಿತಿದ್ದರು. ಉಪ್ಪುಮಾಪಕ ಹಿಡಿದ ಹೆಂಗಸನ್ನು ಕಂಡೊಡನೆ ಅವರ ನಾಲಗೆ ಚುರುಕಾಯಿತು.

"ಬನ್ನಿ ಮೇಡಂ, ಬನ್ನಿ. ಏನು ಅಳೀತೀರಾ? ಉಪ್ಪಾ? ಇಲ್ಲ ನಮ್ಮಲ್ಲಿ. ನೀವೇ ಬಾಗಿಲು ಹಾಕಿದೀರಲ್ಲ!"

"ಮಣ್ಣು ನೋಡೋಕೆ ಬಂದೆ, ಅಣ್ಣ."

"ನಕ್ಷೆ ಆಗಿ ಆರು ವರ್ಷ ಆದ್ಮೇಲಾ? ಮದುವೆ ಮುಗಿದ ಮೇಲೆ ಹೆಣ್ಣು ನೋಡೋಕೆ ಬಂದ ಹಾಗಾಯ್ತು."

ದೋಣಿಗಳಲ್ಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ರೇಷ್ಮೆಯಂತೆ ಜಾರುವ ಆ ಕೆಸರಿನಲ್ಲಿ ಮೊಣಕಾಲುದ್ದ ಇಳಿದು, ಉದ್ದನೆಯ ಕೊಳವೆ ಚುಚ್ಚಿ ಒಳಗಿನ ಮಣ್ಣೆತ್ತಿದರು. ಬೂದುಬಣ್ಣದ ಆ ಮಣ್ಣು ಗಾಳಿಗೆ ಒಡ್ಡಿದಂತೆ ಹಳದಿಗೆ ತಿರುಗುವುದನ್ನು ನೋಡುತ್ತ ನಿಂತರು. ಕೊನೆಗೆ ಅಪ್ಪನ ಕಡೆ ತಿರುಗಿ, "ಆ ನಕ್ಷೆ ಮಾಡಿದ್ದು ನಾನು. ಇಲ್ಲಿಗೆ ಬಾರದೆ ಮಾಡಿದೆ," ಎಂದರು.

ಅಪ್ಪ ದೋಣಿಯ ಹಗ್ಗವನ್ನು ಬಿಚ್ಚಿ ಮತ್ತೆ ಅಲ್ಲಿಗೇ ಕಟ್ಟಿದರು. ಬೈಯಲು ಸಿದ್ಧವಾಗಿ ನಿಂತವರಿಗೆ ಎದುರಿನವರೇ ತಪ್ಪೊಪ್ಪಿಕೊಂಡಾಗ ಆಗುವ ಇರುಸುಮುರುಸು ಅದು. ಅಮ್ಮ ಒಳಗಿನಿಂದ, "ಕಾಲು ತೊಳ್ಕೊಳ್ಳೋಕೆ ಮಳೆನೀರು ಕೊಡಿ ಅವರಿಗೆ, ಕಾಲುವೆ ನೀರು ಬೇಡ," ಎಂದು ಕೂಗಿದಳು.

ಮುಂದಿನ ಹತ್ತು ತಿಂಗಳು ಅವರು ತಿಂಗಳಿಗೆರಡು ಸಲ ಬಂದರು. ನನ್ನನ್ನು ಸಹಾಯಕ್ಕೆಂದು ಕರೆದುಕೊಂಡರು. ಅಂಕಿ ಬರೆದುಕೊಳ್ಳುವ ಕೆಲಸದ ನೆಪದಲ್ಲಿ ಅರ್ಧಕ್ಕೆ ಬಿಟ್ಟ ಪಾಠಗಳನ್ನು ದೋಣಿಯಲ್ಲೇ ಕಲಿಸಿ, ಪರೀಕ್ಷೆಗೂ ಕೂರಿಸಿದರು. ಡಿಸೆಂಬರಿನಲ್ಲಿ ವರದಿ ಸಿದ್ಧವಾಯಿತು. ಬೇಸಿಗೆಯಲ್ಲಿ ಗೇಟು ತೆರೆದು ಕಾಯ್ ಮಾಮ್‌ಗೆ ಉಪ್ಪುನೀರು ಬಿಡಬೇಕು. ಲುಂಗ್ ಕೋ ಉಳಿಯಲು ಎರಡು ಊರುಗಳ ನಡುವೆ ಮಣ್ಣು ಬದಲಾಗುವ ಜಾಗದಲ್ಲಿ ಬೇರೊಂದು ಚಿಕ್ಕ ಒಡ್ಡು ಬೇಕು ಎಂಬುದು ಅದರ ಸಾರ. ಕಚೇರಿಯ ಮೇಲಧಿಕಾರಿಗಳು ವರದಿ ಓದಿ ಅವರನ್ನು ಕರೆಸಿದ್ದನ್ನು, ಪಕ್ಕದ ಮೇಜಿನಲ್ಲಿದ್ದ ಗುಮಾಸ್ತರು ಮುಂದೆ ನನಗೆ ತಿಳಿಸಿದ್ದಾರೆ.

"ನಿಮ್ಮ ನಕ್ಷೇನ ನೀವೇ ಹರೀತೀರಾ ಲಿಯು? 'ಮಣ್ಣು ನಿರೀಕ್ಷೆಗಿಂತ ಬೇರೆ ರೀತಿ ವರ್ತಿಸಿದೆ' ಅಂತ ಬರೀರಿ. ಸಾಕು. ಯಾರಿಗೂ ತೊಂದರೆ ಇಲ್ಲ."

"ಮಣ್ಣು ಏನೂ ವರ್ತಿಸಿಲ್ಲ ಸರ್. ಅದು ಇದ್ದ ಹಾಗೇ ಇತ್ತು. ನಾನು ಹೋಗಲಿಲ್ಲ."

ಆ ವಾಕ್ಯವನ್ನೇ ವರದಿಯಲ್ಲಿ ಉಳಿಸಿದರು. ವರದಿ ಮೇಲಕ್ಕೆ ಹೋಯಿತು. ಉತ್ತರ ಮಾತ್ರ ಬರಲಿಲ್ಲ.

ತೇತ್ ಹೊಸವರ್ಷದ ಹಬ್ಬ ಮುಗಿದ ವಾರ, ಮೇಡಂ ನಮ್ಮ ಮನೆಯಲ್ಲಿ ಊರವರನ್ನು ಕೂರಿಸಿ ಬೇಡಿಕೊಂಡರು: "ಇನ್ನೊಂದು ತಿಂಗಳು ತಡೀರಿ. ಲುಂಗ್ ಕೋ ಭತ್ತ ಹಾಲುಗಾಳಲ್ಲಿದೆ. ಕೊಯ್ಲು ಮುಗೀಲಿ. ಆಮೇಲೆ ನಾನೇ ಬಂದು ಗೇಟಿನ ಹತ್ರ ಕೂರ್ತೀನಿ." ಎಲ್ಲರೂ ತಲೆಯಾಡಿಸಿದರು. ಆದರೆ ಸಿಗಡಿಮರಿ ಬಿಡುವ ಕಾಲ ಮೀರುತ್ತಿತ್ತು. ಅದು ಮೀರಿದರೆ ಸತತ ನಾಲ್ಕನೆಯ ವರ್ಷವೂ ಗದ್ದೆ ಬರಿದು. ಹತ್ತನೆಯ ದಿನ ಬೆಳಿಗ್ಗೆ ಮೂವತ್ತೇಳು ಜನ ಗುದ್ದಲಿ ಹಿಡಿದು ಹೋಗಿ ಗೇಟಿನ ಬದಿಯ ಒಡ್ಡನ್ನು ಕಡಿದರು. ಮುಂದೆ ನಿಂತವರು ನನ್ನ ತಂದೆ. ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದವರಲ್ಲಿ ನಾನೂ ಒಬ್ಬಳು. ಕಡಿದ ಜಾಗದಲ್ಲಿ ಸಮುದ್ರದ ನೀರು ನುಗ್ಗಿದಾಗ ಹೆಂಗಸರು ಅದನ್ನು ಬೊಗಸೆಯಲ್ಲಿ ಹಿಡಿದು ನೆಕ್ಕಿ ನೋಡಿ ಅತ್ತದ್ದು, ನಾನೂ ಅತ್ತದ್ದು, ಸುಳ್ಳಲ್ಲ. ಆ ನೀರು ನಮ್ಮೂರಿಗೆ ನಿಲ್ಲಲಿಲ್ಲ ಎಂಬುದೂ ಸುಳ್ಳಲ್ಲ. ಐದೇ ದಿನಗಳಲ್ಲಿ ಲುಂಗ್ ಕೋ ಗದ್ದೆಗಳ ತೆನೆಗಳು ಬೆಳ್ಳಗೆ, ಪೊಳ್ಳಾಗಿ ನೆಟ್ಟಗೆ ನಿಂತವು.

ವಿಚಾರಣೆ ಬಂತು. ಒಡ್ಡು ಕಡಿದ ದಿನ ಮಧ್ಯಾಹ್ನವೇ ಸುದ್ದಿ ತಿಳಿದು ಓಡಿಬಂದಿದ್ದ ಲಿಯು ಅವರು ಎಲ್ಲರ ಮುಖಗಳನ್ನೂ ಕಂಡಿದ್ದರು. ಪಟ್ಟಿ ಬರೆದುಕೊಡಿ ಎಂದು ಅವರಿಗೆ ಕಾಗದ ನೀಡಲಾಯಿತು. "ನೀರು ಅಳೆಯೋದು ನನ್ನ ಕೆಲಸ. ಗುದ್ದಲಿ ಎಣಿಸೋದಲ್ಲ," ಎಂದು ಅವರು ಕಾಗದವನ್ನು ಹಿಂದಕ್ಕೆ ಸರಿಸಿದರು. ಈ ಮಾತು ನಮ್ಮ ಸೀಮೆಯಲ್ಲೆಲ್ಲ ಹರಡಿ ಅವರನ್ನು ಜನ ಕೊಂಡಾಡಿದರು. ಆದರೆ ಅದರ ಮಾರನೆಯ ದಿನ ನಮ್ಮ ಮನೆಯ ದೋಣಿಗಟ್ಟೆಯಲ್ಲಿ ಅವರು ನನ್ನ ತಂದೆಗೆ ಹೇಳಿದ ಮಾತು ಹೆಚ್ಚು ಜನರಿಗೆ ತಿಳಿದಿಲ್ಲ. ಈ ಲೇಖನ ಬರೆಯಲು ನನಗಿರುವ ನಿಜವಾದ ಕಾರಣ ಅದು.

"ನಿಮ್ಮ ಹೆಸರು ನಾನು ಹೇಳಲ್ಲ, ನಾಲ್ಕನೇ ಅಣ್ಣ. ಆದ್ರೆ ನೀವು ಹೇಳಬೇಕು. ಕಚೇರೀಲಲ್ಲ. ಲುಂಗ್ ಕೋನಲ್ಲಿ."

"ಅವರು ನಾಲ್ಕು ವರ್ಷ ನಮ್ಮನ್ನ ನೋಡಿ ನಕ್ಕರಲ್ಲ ಮೇಡಂ, ಆಗ ಅವರು ಬಂದ್ರಾ ನಮ್ಮನೆಗೆ?"

"ಇಲ್ಲ. ನಾನು ಬಂದೆ. ನನಗೂ ಸುಲಭ ಇರ್ಲಿಲ್ಲ."

ಅಪ್ಪ ಅಂದು ಮಧ್ಯಾಹ್ನದ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ದೋಣಿ ಹತ್ತಿದರು. ಮೇಡಂ, ನಾನು, ಅವರು. ಎರಡು ಗಂಟೆಯ ದಾರಿ.

ಲುಂಗ್ ಕೋ ರೈತರ ಪರವಾಗಿ ಕಚೇರಿಗಳಿಗೆ ಅಲೆಯುತ್ತಿದ್ದವರು 'ಎಂಟನೇ ಮೆನ್' ಎಂಬ ವಿಧವೆ. ಅವರು ಅಂಗಳದಲ್ಲಿ ಪೊಳ್ಳು ಭತ್ತದ ಹುಲ್ಲನ್ನು ಎಮ್ಮೆಗಳಿಗೆಂದು ಕಟ್ಟುತ್ತಿದ್ದರು. ಅಪ್ಪನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಬಾ ನಾಲ್ಕನೇ ಅಣ್ಣ. ನಿನ್ನ ಸಮುದ್ರ ಹೋದ ವಾರಾನೇ ಬಂದು ಹೋಯ್ತು. ನೀನು ತಡ."

"ಒಡ್ಡು ಕಡಿಯೋಕೆ ಮುಂದೆ ನಿಂತವನು ನಾನು, ತಂಗಿ."

"ಅದು ಕೇಳೋಕೆ ನನಗೆ ಕಿವಿ ಇಲ್ವಾ? ಕಾಲುವೆ ಉದ್ದಕ್ಕೂ ಅದೇ ಮಾತು."

"ಇಲ್ಲೀತನಕ ಬರತ್ತೆ ಅಂದ್ಕೊಂಡಿರ್ಲಿಲ್ಲ."

ಮೆನ್ ಆಗ ತಲೆಯೆತ್ತಿದರು. "ಅಂದ್ಕೊಂಡಿರ್ಲಿಲ್ವಾ? ಇಲ್ಲಾ ಅಂದ್ಕೊಳ್ಳೋದು ಬೇಡ ಅಂತ ಇದ್ಯಾ?"

ಅಪ್ಪ ನೆಲ ನೋಡಿದರು. ಮೂರು ತಲೆಮಾರಿನಿಂದ ಉಬ್ಬರ ಇಳಿತ ನೋಡಿ ಬದುಕಿದವರಿಗೆ ನೀರು ಎಲ್ಲಿಯವರೆಗೆ ಹೋಗುತ್ತದೆಂದು ತಿಳಿಯದೆ ಇರುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು.

"ಗೊತ್ತಿತ್ತು," ಎಂದರು ಅಪ್ಪ. ಆ ಧ್ವನಿಯನ್ನು ನಾನು ಅದಕ್ಕೆ ಮೊದಲೂ ಆಮೇಲೂ ಅವರ ಬಾಯಲ್ಲಿ ಕೇಳಿಲ್ಲ.

ಮೆನ್ ಮೇಡಂ ಕಡೆ ತಿರುಗಿದರು. "ನಿಮಗೆ? ನಿಮಗೂ ಗೊತ್ತಿತ್ತಾ, ಇವರ ಗದ್ದೆ ಸಾಯತ್ತೆ ಅಂತ?"

"ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಳ್ಳೋದೇ ನನ್ನ ಕೆಲಸ ಆಗಿತ್ತು. ಆದ್ರಿಂದ ನಂದು ಇವರದ್ದಕ್ಕಿಂತ ದೊಡ್ಡದು."

ಎಮ್ಮೆ ಹುಲ್ಲಿಗೆ ಬಾಯಿ ಹಾಕಿತು. ಮೆನ್ ಅದರ ಮೂತಿಯನ್ನು ಪಕ್ಕಕ್ಕೆ ತಳ್ಳಿ, ಮೇಲಂಗಿಯ ಅಂಚಿನಲ್ಲಿ ಕೈ ಒರೆಸಿಕೊಂಡು ಎದ್ದರು. "ಊಟ ಮಾಡ್ಕೊಂಡು ಹೋಗಿ. ಹೋದ ವರ್ಷದ ಅಕ್ಕಿ. ಈ ವರ್ಷದ್ದು ಎಮ್ಮೆಗೆ." ಗಡಿಗೆಯಲ್ಲಿ ಬತ್ತಿಸಿದ ಮೀನು, ಹುಳಿಸಾರು, ಅನ್ನ. ಅಪ್ಪನ ಬಟ್ಟಲಿಗೆ ಎರಡನೆಯ ಸಲ ಅನ್ನ ಹಾಕುವಾಗ ಮೆನ್ ಕೇಳಿದರು: "ಈಗ ಹೇಳಿ ಮೇಡಂ, ಆ ಚಿಕ್ಕ ಒಡ್ಡು ಎಲ್ಲಿ ಬರಬೇಕು?"

ಅದು ಎಲ್ಲಿ ಬರಬೇಕೆಂದು ಎರಡೂ ಊರಿನವರು ಮಣ್ಣು ಮುಟ್ಟಿ ನೋಡುತ್ತ, ಒಂದೊಂದು ಗೂಟಕ್ಕೂ ಜಗಳವಾಡುತ್ತ ಒಂದು ತಿಂಗಳಲ್ಲಿ ನಿರ್ಧರಿಸಿದರು. ಎರಡು ಊರುಗಳೂ ಒಟ್ಟಿಗೆ ಸಹಿ ಹಾಕಿದ ಅರ್ಜಿಯನ್ನು ಮೇಲಿನವರಿಗೆ ಬದಿಗಿಡಲಾಗಲಿಲ್ಲ. ೨೦೦೧ರ ಜನವರಿಯಲ್ಲಿ ಗೇಟು ಮೊದಲ ಸಲ ನ್ಯಾಯವಾಗಿಯೇ ತೆರೆಯಿತು. ತೆರೆಯುವ ದಿನವನ್ನು ಗೊತ್ತುಮಾಡುವ ಸಮಿತಿಗೆ ಮೆನ್ ಅಧ್ಯಕ್ಷೆ, ನನ್ನ ತಂದೆ ಸದಸ್ಯ. ತೀರಿಕೊಳ್ಳುವವರೆಗೂ ಹದಿನಾರು ವರ್ಷ ಅವರು ಆಕೆಯೊಂದಿಗೆ ವಾದಿಸುವುದನ್ನು ಬಿಡಲಿಲ್ಲ, ಆಕೆಯನ್ನು ಕೇಳದೆ ನೀರು ಬಿಡಲೂ ಇಲ್ಲ. ಲುಂಗ್ ಕೋ ಹೆಣ್ಣೊಬ್ಬಳು ನನ್ನ ಅಣ್ಣನ ಹೆಂಡತಿಯಾಗಿ ನಮ್ಮ ಮನೆಗೆ ಬಂದದ್ದು ೨೦೦೪ರಲ್ಲಿ.

ಇಷ್ಟಕ್ಕೂ ಲಿಯು ಅವರು ತೆತ್ತದ್ದು ಕಡಿಮೆಯಲ್ಲ. ಗೇಟು ತೆರೆಯುವ ಮೊದಲೇ ಅವರನ್ನು ನೀರಾವರಿ ಕಚೇರಿಯಿಂದ ತೆಗೆದು ಶಿಕ್ಷಕರ ತರಬೇತಿ ಕಾಲೇಜಿಗೆ ಕಳಿಸಲಾಗಿತ್ತು. ಅದು ಶಿಕ್ಷೆ ಎಂದೇ ಎಲ್ಲರೂ ತಿಳಿದರು, ಅವರೂ ಕೆಲವು ತಿಂಗಳು ಹಾಗೆಯೇ ತಿಳಿದು ಕುಗ್ಗಿದ್ದರು. ಅದೇ ವರ್ಷ ಅವರ ತರಗತಿಯ ಮೂರನೆಯ ಬೆಂಚಿನಲ್ಲಿ ಕುಳಿತ ನಾನು, ಕಿಟಕಿಯ ಕಡೆ ನೋಡುತ್ತ ಅವರು ಪಾಠದ ನಡುವೆ ನಿಂತುಬಿಡುತ್ತಿದ್ದುದನ್ನು ಕಂಡಿದ್ದೇನೆ. ಕ್ರಮೇಣ ಅವರು ಕಿಟಕಿಯನ್ನು ಬಿಟ್ಟು ನಮ್ಮನ್ನು ನೋಡತೊಡಗಿದರು. ಮುಂದಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರ ಕೈಯಲ್ಲಿ ಕಲಿತ ಶಿಕ್ಷಕರು ನಮ್ಮ ಸೀಮೆಯ ಬಹುತೇಕ ಕಾಲುವೆಗಳ ದಡದ ಶಾಲೆಗಳಲ್ಲಿದ್ದಾರೆ. ನೆಲವನ್ನು ಪುಸ್ತಕದಿಂದ ಕಲಿಸುವ ಮೊದಲು ಪ್ರತಿ ವಿದ್ಯಾರ್ಥಿಯೂ ತನ್ನದಲ್ಲದ ಒಂದು ಊರಿನಲ್ಲಿ, ಉಪ್ಪಿನವನು ಸಿಹಿನೀರಿನ ಊರಿನಲ್ಲಿ, ಸಿಹಿನೀರಿನವನು ಉಪ್ಪಿನ ಊರಿನಲ್ಲಿ, ಒಂದು ಬೇಸಾಯದ ಕಾಲ ಪೂರ್ತಿ ದುಡಿದು ಬರಬೇಕೆಂಬುದು ಅವರ ನಿಯಮ. ಜ್ವರದಿಂದ ಮಲಗಿದ ವಿದ್ಯಾರ್ಥಿಗೆ ಗಂಜಿ ಹೊತ್ತು ತಂದವರು, ಹೆರಿಗೆಯ ನಂತರ ಕೆಲಸ ಬಿಡಲು ಹೊರಟ ನನ್ನನ್ನು, "ಮಗೂನ ಸ್ಟಾಫ್ ರೂಮಿಗೇ ತಾ, ನೋಡೋಣ ಯಾರು ಏನಂತಾರೆ," ಎಂದು ಗದರಿ ಉಳಿಸಿಕೊಂಡವರು, ತಪ್ಪು ಅಂಕಿ ಬರೆದ ಯಾರನ್ನೂ ಬೈಯದೆ, ಜಾಗಕ್ಕೆ ಹೋಗದೆಯೇ ಅಂಕಿ ಬರೆದವರನ್ನು ಮಾತ್ರ ಎಂದೂ ಕ್ಷಮಿಸದವರು ಅವರು.

ಈಗ ಕಾಲ ಮತ್ತೆ ಬದಲಾಗಿದೆ. ಮೇಲಿನಿಂದ ಬರುವ ನೆರೆ ಬಡವಾಗಿದೆ, ಹೊಸ ಮಣ್ಣು ತೆಳುವಾಗಿದೆ, ಉಪ್ಪು ಪ್ರತಿ ವರ್ಷ ಮತ್ತಷ್ಟು ಒಳಕ್ಕೆ ಏರುತ್ತಿದೆ. ಲುಂಗ್ ಕೋ ಜನ ತಾವೂ ಒಂದು ಬೆಳೆ ಸಿಗಡಿ ಬೆಳೆಯುವುದನ್ನು ಕಲಿಸಿಕೊಡಿ ಎಂದು ಕಾಯ್ ಮಾಮ್‌ಗೆ ಬರುತ್ತಿದ್ದಾರೆ. ಕಳೆದ ತಿಂಗಳು ಈ ಲೇಖನಕ್ಕಾಗಿ ಕೆಲವು ದಿನಾಂಕಗಳನ್ನು ಕೇಳಲೆಂದು ಮೇಡಂ ಮನೆಗೆ ಹೋದೆ. ಮನೆಗೆ ಬೀಗ. ಪಕ್ಕದವರು ಖ್ಮೇರ್ ಜನರ ಬೌದ್ಧವಿಹಾರದ ದಾರಿ ತೋರಿಸಿದರು. ಅಲ್ಲಿನ ಪಾಠಶಾಲೆಯಲ್ಲಿ, ಹತ್ತು ಹನ್ನೆರಡು ವರ್ಷದ ಮಕ್ಕಳ ನಡುವೆ ತಗ್ಗಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತು, ಡಾ. ಲಾಮ್ ಥಿ ಲಿಯು ಅವರು ಖ್ಮೇರ್ ಅಕ್ಷರ ತಿದ್ದುತ್ತಿದ್ದರು. ಮೊಮ್ಮಗನ ವಯಸ್ಸಿನ ಭಿಕ್ಷುವೊಬ್ಬರು ಅವರ ಪುಸ್ತಕ ನೋಡಿ, ಸಾಲದು ಎಂಬಂತೆ ತಲೆಯಾಡಿಸಿ, ಇನ್ನೊಮ್ಮೆ ಬರೆಯಲು ಹೇಳಿದರು. ಅವರು ಬರೆದರು.

"ಏನು ಮೇಡಂ ಇದು, ಈಗ?"

"ನೀರು ಬರೋದು ಕಾಂಬೋಡಿಯಾ ಕಡೆಯಿಂದ ತಾನೇ? ಅಲ್ಲಿನ ದೊಡ್ಡ ಕೆರೆ ಎಷ್ಟು ತುಂಬಿದೆ, ಮೀನು ಯಾವಾಗ ಇಳೀತು ಅಂತ ಅಲ್ಲಿಯೋರನ್ನೇ ಕೇಳಬೇಕು. ದುಭಾಷಿ ಇಟ್ಕೊಂಡು ಕೇಳಿದ್ರೆ ಅಂಕಿ ಹೇಳ್ತಾರೆ ಊತ್. ಅವರ ಮಾತಲ್ಲೇ ಕೇಳಿದ್ರೆ, ಏನಾಯ್ತು ಅಂತ ಹೇಳ್ತಾರೆ."

ಮುಂದಿನ ಮಳೆಗಾಲಕ್ಕೆ ಅವರು ಆ ಕೆರೆಯ ತೇಲುವ ಊರೊಂದರಲ್ಲಿ ಆರು ತಿಂಗಳು ಇರುವವರಿದ್ದಾರೆ. ಅವರ ಕಾಲುಗಳಿಗೆ ಕೆಸರಿನಲ್ಲಿ ನಿಲ್ಲುವ ಬಲ ಇನ್ನೂ ಹಲವು ಕಾಲ ಉಳಿಯಲಿ, ಕಣ್ಣು ಮಂಜಾಗದಿರಲಿ, ಆ ಊರಿನಲ್ಲಿ ಅವರಿಗೆ ಮಳೆನೀರಿನಲ್ಲಿ ಕಾಲು ತೊಳೆಸುವ ಮನೆಯೊಂದು ಸಿಗಲಿ. ಅವರು ಬರೆದು ತರುವ ಹೊಸ ನಕ್ಷೆಯಲ್ಲಿ ತಪ್ಪಿದ್ದರೆ ಅದನ್ನು ಅಲ್ಲಿಗೇ ಹೋಗಿ ಕಂಡುಹಿಡಿಯುವಷ್ಟು ಶ್ರದ್ಧೆ ಅವರ ವಿದ್ಯಾರ್ಥಿಗಳಾದ ನಮಗಿರಲಿ, ಬಂದು ಹೇಳಿದಾಗ ಕೇಳಿಸಿಕೊಳ್ಳಲು ಅವರು ನೂರು ವರ್ಷ ನಮ್ಮ ನಡುವೆ ಇರಲಿ.